ಡನ್‌ಬ್ಲೇನ್: ಶಾಲೆಯ ಬಾಗಿಲೋ, ಪಿಸ್ತೂಲಿನ ಪರವಾನಗಿಯೋ?

1996ರ ಮಾರ್ಚ್ 13, ಬುಧವಾರ. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಪ್ರಾಥಮಿಕ ಶಾಲೆಯ ಆವರಣದಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಒಂದು ವ್ಯಾನು ಬಂದು ನಿಂತಿತು. ಅದರಿಂದ ಇಳಿದ ವ್ಯಕ್ತಿ ಮೊದಲು ಪಕ್ಕದ ಕಂಬದ ಬುಡದಲ್ಲಿದ್ದ ಟೆಲಿಫೋನ್ ತಂತಿಗಳನ್ನು ಇಕ್ಕಳದಿಂದ ಕತ್ತರಿಸಿದ. ಶಾಲೆಯಿಂದ ಯಾರೂ ಪೊಲೀಸರಿಗೆ ಫೋನ್ ಮಾಡದಿರಲಿ ಎಂಬುದು ಅವನ ಲೆಕ್ಕವಾಗಿದ್ದಿರಬೇಕು. ಆದರೆ ಆ ತಂತಿಗಳು ಹೋಗುತ್ತಿದ್ದುದು ಸುತ್ತಲಿನ ಮನೆಗಳಿಗೆ, ಶಾಲೆಗಲ್ಲ. ಹಾಗಾಗಿ 9.41ಕ್ಕೆ ಮುಖ್ಯೋಪಾಧ್ಯಾಯ ರಾನ್ ಟೇಲರ್ ಅವರಿಗೆ ಪೊಲೀಸರನ್ನು ಕರೆಯಲು ಸಾಧ್ಯವಾಯಿತು. ಅಷ್ಟರೊಳಗೆ ಎಲ್ಲ ಮುಗಿದುಹೋಗಿತ್ತು.

ವ್ಯಾಯಾಮದ ಹಾಲಿನಲ್ಲಿ ಒಂದನೇ ತರಗತಿಯ 28 ಮಕ್ಕಳು ಆಟದ ಪೀರಿಯಡ್ಡಿಗೆಂದು ಆಗಷ್ಟೇ ಬಂದು ನಿಂತಿದ್ದರು. ಎಲ್ಲರೂ ಐದಾರು ವರ್ಷದವರು. ಮೂರು ನಾಲ್ಕು ನಿಮಿಷಗಳಲ್ಲಿ 16 ಮಕ್ಕಳು ಮತ್ತು ಅವರ ಟೀಚರ್ ಗ್ವೆನ್ ಮೇಯರ್ ಸತ್ತರು. ಇನ್ನೂ 15 ಮಂದಿಗೆ ಗಾಯಗಳಾದವು. ಗುಂಡೇಟು ತಿಂದ ಇಬ್ಬರು ಹೆಂಗಸರು, ಅಂದರೆ ಆಟದ ಟೀಚರ್ ಮತ್ತು ಸಹಾಯಕಿ, ಕೈಗೆ ಸಿಕ್ಕ ಮಕ್ಕಳನ್ನು ಪಕ್ಕದ ಸಾಮಾನಿನ ಕೋಣೆಗೆ ಎಳೆದುಕೊಂಡು ಹೋಗಿ ಕಾಪಾಡಿದರು. ಕೊನೆಯ ಗುಂಡನ್ನು ಕೊಲೆಗಾರ ತನಗೇ ಹೊಡೆದುಕೊಂಡ. ಅದೇ ಶಾಲೆಯಲ್ಲಿ ಆಗ ಎಂಟು ವರ್ಷದ ಆಂಡಿ ಮರ್ರಿ ಎಂಬ ಹುಡುಗ ಓದುತ್ತಿದ್ದ. ಮುಂದೆ ವಿಂಬಲ್ಡನ್ ಗೆದ್ದ ಅದೇ ಆಂಡಿ ಮರ್ರಿ.

ಕೊಲೆಗಾರ 43 ವರ್ಷದ ಥಾಮಸ್ ಹ್ಯಾಮಿಲ್ಟನ್. ಅವನ ಬಳಿ ಎರಡು ಪಿಸ್ತೂಲು, ಎರಡು ರಿವಾಲ್ವರ್ ಮತ್ತು 743 ತೋಟಾಗಳಿದ್ದವು. ಆ ಹೊತ್ತಿನಲ್ಲಿ 106 ಗುಂಡುಗಳು ಹಾರಿದವು. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಬಗೆಯ 9 ಎಂಎಂ ಬ್ರೌನಿಂಗ್ ಪಿಸ್ತೂಲಿನಿಂದ ಬಂದವು. ಮುಂದೆ ನಡೆದ ವಾದವಿವಾದಗಳೆಲ್ಲ ಸುತ್ತಿದ್ದು ಇನ್ನೊಂದು ಸಂಗತಿಯನ್ನು. ಆ ನಾಲ್ಕೂ ಆಯುಧಗಳಿಗೆ ಪರವಾನಗಿ ಇತ್ತು. ಕೊಟ್ಟಿದ್ದು ಅಲ್ಲಿಯ ಪೊಲೀಸರೇ. ಹಾಲಿನ ಬಾಗಿಲು ದಾಟಿ ಮೊದಲ ಗುಂಡು ಹಾರಿಸುವವರೆಗೂ ಆ ಆಯುಧಗಳನ್ನು ಇಟ್ಟುಕೊಳ್ಳುವ ಹಕ್ಕನ್ನು ಕಾನೂನೇ ಅವನಿಗೆ ಕೊಟ್ಟಿತ್ತು.

ಡನ್‌ಬ್ಲೇನ್ ದೊಡ್ಡ ಊರೇನಲ್ಲ. ಸ್ಟರ್ಲಿಂಗ್ ನಗರದ ಉತ್ತರಕ್ಕೆ, ಅಲನ್ ವಾಟರ್ ಎಂಬ ಹೊಳೆಯ ದಡದಲ್ಲಿ, ಹಳೆಯ ಕೆಥೆಡ್ರಲ್ಲಿನ ಸುತ್ತ ಬೆಳೆದ ಊರು. ಎಲ್ಲರಿಗೂ ಎಲ್ಲರೂ ಗೊತ್ತು. ಆಗಿನ ಸ್ಕಾಟ್ಲೆಂಡ್ ಸಚಿವ, ಕನ್ಸರ್ವೇಟಿವ್ ಪಕ್ಷದ ಮೈಕಲ್ ಫೋರ್ಸೈತ್ ಆ ಕ್ಷೇತ್ರದ ಸಂಸದರು. ಅವರೆದುರು ಲೇಬರ್ ಪಕ್ಷದ ಪರವಾಗಿ ಸ್ಕಾಟ್ಲೆಂಡ್ ವಿಷಯಗಳನ್ನು ನೋಡಿಕೊಳ್ಳುತ್ತಿದ್ದ ಜಾರ್ಜ್ ರಾಬರ್ಟ್‌ಸನ್ ಅದೇ ಊರಿನ ನಿವಾಸಿ. ಅವರ ಮಗ ಒಂದು ಕಾಲಕ್ಕೆ ಇದೇ ಹ್ಯಾಮಿಲ್ಟನ್ ನಡೆಸುತ್ತಿದ್ದ ಹುಡುಗರ ಕ್ಲಬ್ಬಿಗೆ ಹೋಗಿದ್ದ. ಅಲ್ಲಿಯ ರೀತಿನೀತಿ ಸರಿಕಾಣದೆ ರಾಬರ್ಟ್‌ಸನ್ ಅವನೊಡನೆ ಜಗಳವಾಡಿದ್ದೂ ಉಂಟು. ದುರಂತದ ಎರಡು ದಿನಗಳ ನಂತರ ಪ್ರಧಾನಿ ಜಾನ್ ಮೇಜರ್ ಮತ್ತು ವಿರೋಧ ಪಕ್ಷದ ನಾಯಕ ಟೋನಿ ಬ್ಲೇರ್ ಜೊತೆಯಾಗಿ ಊರಿಗೆ ಬಂದರು. ಆ ದಿನ ಪಕ್ಷ ರಾಜಕೀಯವಿರಲಿಲ್ಲ. ಅದು ಬರಲು ಕೆಲವು ತಿಂಗಳು ಹಿಡಿಯಿತು.

ಶಾಲೆಗಳನ್ನು ಕಾಯುವುದು ಹೇಗೆ ಎಂಬ ಪ್ರಶ್ನೆ ಬ್ರಿಟನ್ನಿಗೆ ಅಂದೇ ಹೊಸದಾಗಿ ಬಂದದ್ದಲ್ಲ. 1995ರ ಡಿಸೆಂಬರಿನಲ್ಲಿ ಲಂಡನ್ನಿನ ಮುಖ್ಯೋಪಾಧ್ಯಾಯ ಫಿಲಿಪ್ ಲಾರೆನ್ಸ್ ತಮ್ಮ ವಿದ್ಯಾರ್ಥಿಯೊಬ್ಬನನ್ನು ಗುಂಪಿನ ಹೊಡೆತದಿಂದ ಬಿಡಿಸಲು ಹೋಗಿ ಶಾಲೆಯ ಗೇಟಿನ ಹೊರಗೆ ಚೂರಿ ಇರಿತಕ್ಕೆ ಬಲಿಯಾಗಿದ್ದರು. ಶಾಲಾ ಭದ್ರತೆಯ ಬಗ್ಗೆ ಅಧ್ಯಯನ ಮಾಡಲು ಆಗಲೇ ಒಂದು ತಂಡ ಕೆಲಸ ಶುರುಮಾಡಿತ್ತು. ಡನ್‌ಬ್ಲೇನ್ ನಂತರ ಆ ಚರ್ಚೆಗೆ ಬಿಸಿ ಏರಿತು. ಅಷ್ಟರಲ್ಲಿ, ಅದೇ ವರ್ಷದ ಜುಲೈ 8ರಂದು, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಸೇಂಟ್ ಲ್ಯೂಕ್ಸ್ ಶಾಲೆಗೆ ಒಬ್ಬ ಮಚ್ಚು ಹಿಡಿದು ನುಗ್ಗಿದ. ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಲೀಸಾ ಪಾಟ್ಸ್ ಎಂಬ ಯುವತಿ ಏಟುಗಳನ್ನು ತನ್ನ ಮೈಮೇಲೆ ತೆಗೆದುಕೊಂಡು ಮಕ್ಕಳನ್ನು ಉಳಿಸಿದಳು. ಮಕ್ಕಳು, ದೊಡ್ಡವರು ಸೇರಿ ಹಲವರಿಗೆ ಗಾಯಗಳಾದವು, ಯಾರೂ ಸಾಯಲಿಲ್ಲ. ಆಕೆಗೆ ಜಾರ್ಜ್ ಪದಕ ಸಿಕ್ಕಿತು.

ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡು ಶಾಲೆಗಳಿಗೂ ಹೊರಗಿನವನೊಬ್ಬ ನುಗ್ಗಿದ, ಎರಡೂ ಕಡೆ ಎಳೆಯ ಮಕ್ಕಳಿದ್ದರು, ಎರಡೂ ಕಡೆ ಧೈರ್ಯದ ಹೆಂಗಸರು ಅಡ್ಡ ನಿಂತರು. ಒಂದು ಕಡೆ 17 ಹೆಣಗಳು ಬಿದ್ದವು, ಇನ್ನೊಂದು ಕಡೆ ಒಂದೂ ಬೀಳಲಿಲ್ಲ. ವ್ಯತ್ಯಾಸ ಕೈಯಲ್ಲಿದ್ದ ಆಯುಧದ್ದು. ಮಚ್ಚಿನೆದುರು ಒಬ್ಬಳ ಧೈರ್ಯ ಮಕ್ಕಳನ್ನು ಉಳಿಸಿತು, ನಿಮಿಷಕ್ಕೆ ಇಪ್ಪತ್ತು ಮೂವತ್ತು ಗುಂಡು ಉಗುಳುವ ಪಿಸ್ತೂಲಿನೆದುರು ಅಂಥ ಧೈರ್ಯವೂ ಸಾಲಲಿಲ್ಲ.

ಇದನ್ನು ಮೊದಲು ಗ್ರಹಿಸಿದವರು ಡನ್‌ಬ್ಲೇನಿನ ತಂದೆತಾಯಂದಿರು ಮತ್ತು ಅವರ ಸ್ನೇಹಿತರು. ಆನ್ ಪಿಯರ್ಸ್‌ಟನ್ ಮತ್ತು ಆಕೆಯ ಕೆಲವು ಗೆಳತಿಯರು ಒಂದು ಮನವಿ ಪತ್ರ ಬರೆದರು. ಖಾಸಗಿ ವ್ಯಕ್ತಿಗಳ ಕೈಯಲ್ಲಿ ಪಿಸ್ತೂಲು, ರಿವಾಲ್ವರ್ ಇರಕೂಡದು ಎಂಬುದೇ ಅದರ ತಿರುಳು. ಸ್ಕಾಟ್ಲೆಂಡಿನ ಚಳಿಯಲ್ಲಿ ಮಾರ್ಚ್ ತಿಂಗಳಿಗೆ ಅರಳುವುದು ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂ. ಚಳವಳಿಗೆ ಅದರ ಹೆಸರನ್ನೇ ಇಟ್ಟರು. ಇಂಟರ್ನೆಟ್ ಮನೆಮನೆಗೆ ಬಂದಿರದ ಕಾಲವದು. ಕಾಗದದ ಮೇಲೆ ಪೆನ್ನಿನಿಂದ ಹಾಕಿದ ಸಹಿಗಳೇ 7 ಲಕ್ಷ ದಾಟಿದವು. ಜುಲೈಯಲ್ಲಿ ಆ ಕಟ್ಟುಗಳು ಲಂಡನ್ನಿನ ಸಂಸತ್ತಿಗೆ ಹೋದವು. ರಾಜಕೀಯದ ಗಂಧವಿಲ್ಲದ ಗೃಹಿಣಿಯರು ಆ ಕೆಲಸ ಮಾಡಿದ್ದು ನನ್ನ ಮಟ್ಟಿಗೆ ಈ ಇಡೀ ಕಥೆಯ ಅತಿ ದೊಡ್ಡ ಘಟನೆ.

ಇತ್ತ ಸರ್ಕಾರ ನ್ಯಾಯಮೂರ್ತಿ ಲಾರ್ಡ್ ಕಲನ್ ಅವರನ್ನು ವಿಚಾರಣೆಗೆ ನೇಮಿಸಿತು. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ಸ್ಥಾವರ ಸುಟ್ಟು 167 ಜನ ಸತ್ತಾಗ ತನಿಖೆ ಮಾಡಿದವರೂ ಅವರೇ. ಮೇ 29ರಿಂದ ಜುಲೈ 10ರವರೆಗೆ ಸ್ಟರ್ಲಿಂಗ್‌ನ ಆಲ್ಬರ್ಟ್ ಹಾಲ್ಸ್ ಕಟ್ಟಡದಲ್ಲಿ ಸಾಕ್ಷಿಗಳ ಮಾತು ಕೇಳಿದರು. ಅಲ್ಲಿ ಒಂದೊಂದಾಗಿ ಬಿಚ್ಚಿಕೊಂಡ ಕಾಗದಗಳು ಊರಿನ ನೋವಿಗೆ ಸಿಟ್ಟನ್ನೂ ಸೇರಿಸಿದವು.

ಹ್ಯಾಮಿಲ್ಟನ್‌ನನ್ನು ಸ್ಕೌಟ್ ಸಂಸ್ಥೆ 1974ರಲ್ಲೇ ನಾಯಕನ ಸ್ಥಾನದಿಂದ ತೆಗೆದುಹಾಕಿತ್ತು. ಹುಡುಗರೊಡನೆ ಅವನ ನಡವಳಿಕೆ ಅವರಿಗೆ ಸರಿಕಂಡಿರಲಿಲ್ಲ. ಆಮೇಲೆ ಅವನು ತನ್ನದೇ ಹುಡುಗರ ಕ್ಲಬ್ಬುಗಳನ್ನು ಶುರುಮಾಡಿದ. ಶಾಲೆಗಳ ಹಾಲುಗಳನ್ನೇ ಬಾಡಿಗೆಗೆ ಹಿಡಿದು ವ್ಯಾಯಾಮ ಮಾಡಿಸುತ್ತಿದ್ದ. ಅಂಗಿ ಬಿಚ್ಚಿಸಿ ಫೋಟೋ ತೆಗೆಯುತ್ತಾನೆಂದು ತಂದೆತಾಯಂದಿರು ವರ್ಷಗಟ್ಟಲೆ ದೂರಿದರು. ಮೊದಲ ಬಂದೂಕು ಪರವಾನಗಿ ಅವನಿಗೆ ಸಿಕ್ಕಿದ್ದು 1977ರಲ್ಲಿ. 1991ರ ಬೇಸಿಗೆಯಲ್ಲಿ ಲಾಕ್ ಲೋಮಂಡ್ ಸರೋವರದ ದಡದಲ್ಲಿ ಅವನು ನಡೆಸಿದ ಶಿಬಿರದ ಮೇಲೆ ದೂರು ಬಂದಾಗ ಪೊಲೀಸ್ ಅಧಿಕಾರಿ ಪಾಲ್ ಹ್ಯೂಸ್ ತನಿಖೆ ಮಾಡಿದರು. ಮೊಕದ್ದಮೆ ಹೂಡುವಷ್ಟು ಸಾಕ್ಷ್ಯ ಇಲ್ಲ ಎಂದಾಯಿತು. ಆದರೆ ಹ್ಯೂಸ್ ಅಷ್ಟಕ್ಕೆ ಬಿಡಲಿಲ್ಲ. ಈ ಮನುಷ್ಯನ ಮನಃಸ್ಥಿತಿ ನೆಟ್ಟಗಿಲ್ಲ, ಇವನ ಬಂದೂಕು ಪರವಾನಗಿ ರದ್ದುಮಾಡುವುದನ್ನು ಗಂಭೀರವಾಗಿ ಯೋಚಿಸಬೇಕು ಎಂದು ಅದೇ ವರ್ಷದ ನವೆಂಬರಿನಲ್ಲಿ ಮೇಲಧಿಕಾರಿಗಳಿಗೆ ಟಿಪ್ಪಣಿ ಬರೆದರು.

ಆ ಟಿಪ್ಪಣಿ ಉಪ ಮುಖ್ಯ ಅಧಿಕಾರಿ ಡಗ್ಲಾಸ್ ಮೆಕ್‌ಮರ್ಡೊ ಅವರ ಮೇಜಿಗೆ ಹೋಯಿತು. ಅವರು ಕ್ರಮ ಬೇಡವೆಂದರು. ಹ್ಯಾಮಿಲ್ಟನ್‌ಗೆ ಒಂದು ಶಿಕ್ಷೆಯೂ ಆಗಿರಲಿಲ್ಲ. ರದ್ದು ಮಾಡಿದರೆ ಅವನು ಕೋರ್ಟಿಗೆ ಹೋಗುತ್ತಾನೆ, ಅಲ್ಲಿ ತಮ್ಮ ಆದೇಶ ನಿಲ್ಲುವುದಿಲ್ಲ ಎಂಬ ಅಳುಕು ಪೊಲೀಸರಿಗೆ. ಕಡತ ಮುಚ್ಚಿತು. 1992ರಲ್ಲಿ ಪರವಾನಗಿ ನವೀಕರಣವಾಯಿತು. 1995ರಲ್ಲಿ ಮತ್ತೊಮ್ಮೆ ಆಯಿತು. ಅದಾಗಿ ಸುಮಾರು ಒಂದು ವರ್ಷಕ್ಕೆ ಆ ಬುಧವಾರ ಬಂತು. ಪರವಾನಗಿ ರದ್ದಿಗೆ ಕಾರಣಗಳಿದ್ದವು, ಅದನ್ನು ಮಾಡಬೇಕಿತ್ತು ಎಂದೇ ಲಾರ್ಡ್ ಕಲನ್ ತೀರ್ಮಾನಿಸಿದರು. ವರದಿ ಬಂದಾಗ ಮೆಕ್‌ಮರ್ಡೊ ರಾಜೀನಾಮೆ ಕೊಟ್ಟರು.

ಬ್ರಿಟನ್ ಒಮ್ಮೆ ಪಾಠ ಕಲಿಯುವ ಅವಕಾಶವನ್ನು ಕಳೆದುಕೊಂಡಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. 1987ರ ಆಗಸ್ಟ್ 19ರಂದು ಇಂಗ್ಲೆಂಡಿನ ಹಂಗರ್‌ಫರ್ಡ್ ಊರಿನಲ್ಲಿ ಮೈಕಲ್ ರಯನ್ ಎಂಬಾತ 16 ಜನರನ್ನು ಕೊಂದ. ಅವನ ಆಯುಧಗಳಿಗೂ ಪರವಾನಗಿ ಇತ್ತು. ಮರುವರ್ಷ ಬಂದ ಕಾನೂನು ಒಂದರ ಹಿಂದೊಂದು ಗುಂಡು ತಾನೇ ತುಂಬಿಕೊಳ್ಳುವ ರೈಫಲ್ಲುಗಳನ್ನು ನಿಷೇಧಿಸಿತು. ರಯನ್ ಪಿಸ್ತೂಲನ್ನೂ ಬಳಸಿದ್ದ. ಆದರೂ ಪಿಸ್ತೂಲುಗಳನ್ನು ಮುಟ್ಟಲಿಲ್ಲ. ಅದು ಕ್ರೀಡೆಯ ಸಾಮಗ್ರಿ, ಕ್ಲಬ್ಬಿನ ಸದಸ್ಯರ ಹವ್ಯಾಸ ಎಂದು ಬಿಟ್ಟರು. ಒಂಬತ್ತು ವರ್ಷಗಳ ನಂತರ ಹ್ಯಾಮಿಲ್ಟನ್ ಕೂಡ ಕ್ಲಬ್ಬಿನ ಸದಸ್ಯತ್ವ ತೋರಿಸಿಯೇ ಪಿಸ್ತೂಲು ಇಟ್ಟುಕೊಂಡಿದ್ದ.

ಗುರಿ ಹೊಡೆಯುವ ಕ್ರೀಡೆಯವರ ವಾದವನ್ನು ತಳ್ಳಿಹಾಕಿ ಮುಂದೆ ಹೋಗುವುದು ನ್ಯಾಯವಲ್ಲ. ಸುಮಾರು 57 ಸಾವಿರ ಜನ ಅಂಥ ಪಿಸ್ತೂಲು ಇಟ್ಟುಕೊಂಡಿದ್ದರು. ಬಹುಪಾಲು ಜನ ಜೀವನದಲ್ಲಿ ಒಂದು ತಪ್ಪೂ ಮಾಡದ ಮರ್ಯಾದಸ್ಥರು. ಪೊಲೀಸರು ಕರ್ತವ್ಯ ತಪ್ಪಿದರೆ ನಾವೇಕೆ ದಂಡ ತೆರಬೇಕು ಎಂದು ಅವರು ಕೇಳಿದರು. ಕಳ್ಳಮಾಲಿನ ಪಿಸ್ತೂಲು ಹಿಡಿದ ಪಾತಕಿಗಳು ಕಾನೂನಿಗೆ ಹೆದರಿ ತಂದೊಪ್ಪಿಸುತ್ತಾರೆಯೇ ಎಂದರು. ಆಗಸ್ಟಿನಲ್ಲಿ ಸಂಸತ್ತಿನ ಗೃಹ ವ್ಯವಹಾರ ಸಮಿತಿ ಇದೇ ಧಾಟಿಯಲ್ಲಿ ವರದಿ ಕೊಟ್ಟಿತು. ಮತಗಳು ಪಕ್ಷದ ಗೆರೆಯಲ್ಲೇ ಬಿದ್ದವು: ನಿಷೇಧ ಬೇಡ ಎಂದವರು ಆರು ಕನ್ಸರ್ವೇಟಿವ್ ಸದಸ್ಯರು, ಬೇಕು ಎಂದವರು ಐದು ಲೇಬರ್ ಸದಸ್ಯರು. ಮಕ್ಕಳನ್ನು ಕಳೆದುಕೊಂಡವರಿಗೆ ಅದು ಎರಡನೆಯ ಪೆಟ್ಟು. ರಾಣಿಯ ಪತಿ ಫಿಲಿಪ್ ಡಿಸೆಂಬರಿನಲ್ಲಿ ರೇಡಿಯೋದಲ್ಲಿ ಮಾತನಾಡುತ್ತಾ, ಯಾರಾದರೂ ಶಾಲೆಗೆ ನುಗ್ಗಿ ಕ್ರಿಕೆಟ್ ಬ್ಯಾಟಿನಿಂದ ಬಡಿದು ಕೊಂದರೆ ಬ್ಯಾಟುಗಳನ್ನು ನಿಷೇಧಿಸುತ್ತೀರಾ ಎಂದು ಕೇಳಿದರು. ಅದಕ್ಕೆ ಉತ್ತರ ವುಲ್ವರ್‌ಹ್ಯಾಂಪ್ಟನ್ನಿನಲ್ಲೇ ಸಿಕ್ಕಿತ್ತು.

ಕ್ರೀಡೆಯವರ ವಾದದಲ್ಲಿ ನಿಜವೂ ಇದೆ. ಆದರೆ ಪರವಾನಗಿ ಕೊಡುವುದೆಂದರೆ ಒಬ್ಬ ಮನುಷ್ಯನ ನಾಳೆಯನ್ನು ಇಂದೇ ಊಹಿಸುವ ಕೆಲಸ. ಯಾವ ಪೊಲೀಸ್ ಠಾಣೆಗೂ ಆ ಶಕ್ತಿ ಇಲ್ಲ. ಹ್ಯೂಸ್ ಅವರಂಥ ಒಬ್ಬರು ಸರಿಯಾಗಿ ಊಹಿಸಿದರೂ ಆ ಊಹೆ ಮೂರು ಮೇಜು ದಾಟುವಷ್ಟರಲ್ಲಿ ಸತ್ತುಹೋಯಿತು. ಊಹೆ ತಪ್ಪಿದರೆ ಆಗುವ ಹಾನಿ 106 ಗುಂಡುಗಳಷ್ಟು ಎಂದಾದ ಮೇಲೆ, ಆ ಆಯುಧವೇ ಮನೆಗಳಲ್ಲಿ ಇರಬಾರದು ಎಂದು ಸಮಾಜ ನಿರ್ಧರಿಸುವುದು ಅನ್ಯಾಯವಲ್ಲ. 57 ಸಾವಿರ ಜನರ ಹವ್ಯಾಸಕ್ಕಿಂತ ಒಂದನೇ ತರಗತಿಯ ಮಕ್ಕಳ ಜೀವ ದೊಡ್ಡದು.

ಅಕ್ಟೋಬರ್ 16ರಂದು ಕಲನ್ ವರದಿ ಹೊರಬಿತ್ತು. ವರದಿಯ ಮಾತುಗಳು ಎಚ್ಚರದಿಂದ ಅಳೆದಂಥವು. ಬಳಸದಿರುವಾಗ ಪಿಸ್ತೂಲಿನ ಮುಖ್ಯ ಭಾಗ ಕಳಚಿಡಬೇಕು ಅಥವಾ ನಳಿಕೆಗೆ ಬೀಗ ಹಾಕಬೇಕು. ಅದು ಆಗದಿದ್ದರೆ ಖಾಸಗಿ ಒಡೆತನವನ್ನೇ ನಿಷೇಧಿಸಬಹುದು. ಶಾಲೆಗಳ ಮಟ್ಟಿಗೆ, ಪ್ರತಿ ಶಾಲೆಯೂ ತನ್ನ ಕಟ್ಟಡ, ಆವರಣ, ಬಂದು ಹೋಗುವವರನ್ನು ಗಮನದಲ್ಲಿಟ್ಟು ಸುರಕ್ಷತೆಯ ಯೋಜನೆ ಮಾಡಿಕೊಳ್ಳಲಿ ಎಂದರು. ಮಕ್ಕಳ ಜೊತೆ ಕೆಲಸ ಮಾಡುವ ಕ್ಲಬ್ಬುಗಳ ಹಿನ್ನೆಲೆ ಪರಿಶೀಲನೆಗೆ ರಾಷ್ಟ್ರಮಟ್ಟದ ವ್ಯವಸ್ಥೆ ಬೇಕು ಎಂದರು. ಹ್ಯಾಮಿಲ್ಟನ್‌ನಂಥವನು ಇಪ್ಪತ್ತು ವರ್ಷ ಹುಡುಗರ ಸುತ್ತ ಓಡಾಡಿಕೊಂಡಿದ್ದಕ್ಕೆ ಅದು ನೇರ ಉತ್ತರ. ಶಾಲೆಯನ್ನು ಕೋಟೆ ಮಾಡುವ ಮಾತು ಅವರು ಆಡಲಿಲ್ಲ.

ಅದೇ ದಿನ ಗೃಹ ಸಚಿವ ಮೈಕಲ್ ಹೋವರ್ಡ್ ಕಲನ್ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. .22ಕ್ಕಿಂತ ದೊಡ್ಡ ಗಾತ್ರದ ಗುಂಡಿನ ಪಿಸ್ತೂಲುಗಳೆಲ್ಲ ನಿಷಿದ್ಧ, ಉಳಿದ ಸಣ್ಣವನ್ನು ಕ್ಲಬ್ಬಿನಲ್ಲೇ ಬೀಗ ಹಾಕಿ ಇಡಬೇಕು. ಸಮಿತಿಯಲ್ಲಿ ತಮ್ಮದೇ ಪಕ್ಷದವರು ನಿಷೇಧ ಬೇಡವೆಂದಿದ್ದರೂ ಸರ್ಕಾರ ಇಷ್ಟು ದೂರ ಬಂದದ್ದು ಆ 7 ಲಕ್ಷ ಸಹಿಗಳ ಭಾರಕ್ಕೆ. ಆದರೆ ಡನ್‌ಬ್ಲೇನಿನವರು ಒಪ್ಪಲಿಲ್ಲ. ಸಣ್ಣ ಗುಂಡೂ ಕೊಲ್ಲುತ್ತದೆ ಎಂದರು. ಆ ತಿಂಗಳು ಲೇಬರ್ ಪಕ್ಷದ ಸಮಾವೇಶದಲ್ಲಿ ಆನ್ ಪಿಯರ್ಸ್‌ಟನ್ ಮಾತನಾಡಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೊದಲ ಕಾನೂನು 1997ರ ಫೆಬ್ರವರಿಯಲ್ಲಿ ಬಂತು. ಮೇ 1ರ ಚುನಾವಣೆಯಲ್ಲಿ ಲೇಬರ್ ಗೆದ್ದು ಬ್ಲೇರ್ ಪ್ರಧಾನಿಯಾದರು. ನವೆಂಬರಿನಲ್ಲಿ ಬಂದ ಎರಡನೆಯ ಕಾನೂನು .22 ಪಿಸ್ತೂಲುಗಳನ್ನೂ ನಿಷೇಧಿಸಿತು.

ನಂತರದ ತಿಂಗಳುಗಳಲ್ಲಿ ಜನ ಪಿಸ್ತೂಲುಗಳನ್ನು ಪೊಲೀಸ್ ಠಾಣೆಗೆ ತಂದು ಒಪ್ಪಿಸಿ ರಸೀದಿ ಪಡೆದರು. ಒಟ್ಟು ಸುಮಾರು 1,62,000 ಪಿಸ್ತೂಲು ಮತ್ತು 700 ಟನ್ ಮದ್ದುಗುಂಡು. ಸರ್ಕಾರ ಕೊಟ್ಟ ಪರಿಹಾರ ಸುಮಾರು 9 ಕೋಟಿ ಪೌಂಡ್. ಕಾನೂನು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿಗೆ ಅನ್ವಯಿಸಿತು, ಉತ್ತರ ಐರ್ಲೆಂಡಿಗೆ ಅಲ್ಲ. ಬ್ರಿಟನ್ನಿನ ಪಿಸ್ತೂಲು ಕ್ರೀಡಾಪಟುಗಳು ಅಭ್ಯಾಸಕ್ಕೆ ವಿದೇಶಕ್ಕೆ ಹೋಗಬೇಕಾಯಿತು. 2002ರ ಕಾಮನ್‌ವೆಲ್ತ್ ಕ್ರೀಡೆ, 2012ರ ಲಂಡನ್ ಒಲಿಂಪಿಕ್ಸ್ ನಡೆದಾಗ ವಿಶೇಷ ಅನುಮತಿ ಬೇಕಾಯಿತು. ಅವರು ತೆತ್ತ ಬೆಲೆ ಸಣ್ಣದಲ್ಲ.

ಶಾಲೆಗಳೂ ಬದಲಾದವು. ಯಾರು ಬೇಕಾದರೂ ಹೊಕ್ಕು ಬರಬಹುದಾಗಿದ್ದ ಬಾಗಿಲುಗಳಿಗೆ ಗಂಟೆ, ಕ್ಯಾಮೆರಾ, ಬಂದವರ ಹೆಸರು ಬರೆಯುವ ಪುಸ್ತಕ ಬಂದವು. ಇದು ಬೇಕಾಗಿದ್ದ ಕೆಲಸವೇ. ಡನ್‌ಬ್ಲೇನಿನ ವ್ಯಾಯಾಮದ ಹಾಲನ್ನು ಏಪ್ರಿಲಿನಲ್ಲೇ ಕೆಡವಿದರು. ಮಕ್ಕಳು ಮತ್ತೆ ಅದೇ ಶಾಲೆಗೆ ಬಂದರು.

ನಿಷೇಧದಿಂದ ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಮುಂದಿನ ಕೆಲವು ವರ್ಷ ನಗರಗಳ ಪಾತಕಲೋಕದಲ್ಲಿ ಬಂದೂಕಿನ ಅಪರಾಧ ಏರಿತು, ಆಮೇಲೆ ಇಳಿಯಿತು. 2010ರಲ್ಲಿ ಕಂಬ್ರಿಯಾದಲ್ಲಿ ಒಬ್ಬ ಪರವಾನಗಿಯ ಶಾಟ್‌ಗನ್ ಮತ್ತು ರೈಫಲ್‌ನಿಂದ 12 ಜನರನ್ನು ಕೊಂದ. 2021ರಲ್ಲಿ ಪ್ಲಿಮತ್‌ನಲ್ಲಿ ಐವರು ಸತ್ತರು. ಅಲ್ಲಿ ಪೊಲೀಸರು ಒಮ್ಮೆ ಕಿತ್ತುಕೊಂಡಿದ್ದ ಶಾಟ್‌ಗನ್ನನ್ನು ಅವರೇ ವಾಪಸು ಕೊಟ್ಟಿದ್ದರು. ಹ್ಯಾಮಿಲ್ಟನ್‌ನ ಕಡತದಲ್ಲಿ ಆದ ತಪ್ಪು ಕಾಲು ಶತಮಾನದ ನಂತರ ಇನ್ನೊಂದು ಠಾಣೆಯಲ್ಲಿ ಮರುಕಳಿಸಿತು. ಆಯುಧ ನಿಷೇಧಿಸಿದ ಮಾತ್ರಕ್ಕೆ ಉಳಿದವುಗಳ ಪರವಾನಗಿಯ ಮೇಲಿನ ಕಣ್ಣು ಸಡಿಲವಾಗಕೂಡದು.

ಅಮೆರಿಕ ಇದೇ ಪ್ರಶ್ನೆಗೆ ಬೇರೆ ಉತ್ತರ ಆರಿಸಿಕೊಂಡಿತು. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, ಆರು ದೊಡ್ಡವರು ಸತ್ತರು. ಬಂದೂಕು ಮಾಲೀಕರ ಸಂಘ ಎನ್‌ಆರ್‌ಎ ಪ್ರತಿ ಶಾಲೆಗೂ ಶಸ್ತ್ರಧಾರಿ ಕಾವಲು ಬೇಕು ಎಂದಿತು. ಖರೀದಿದಾರರ ಹಿನ್ನೆಲೆ ಪರಿಶೀಲನೆಯನ್ನು ವಿಸ್ತರಿಸುವ ಪ್ರಸ್ತಾವಕ್ಕೆ ಸೆನೆಟ್‌ನಲ್ಲಿ 54 ಮತ ಬಿದ್ದರೂ ಬೇಕಾಗಿದ್ದ 60 ಸಿಗಲಿಲ್ಲ. ಕಾವಲಿನ ಗತಿ ಏನಾಯಿತು? 1999ರ ಕೊಲಂಬೈನ್‌ನಲ್ಲೂ 2018ರ ಪಾರ್ಕ್‌ಲ್ಯಾಂಡ್‌ನಲ್ಲೂ ಶಾಲೆಗೆ ಶಸ್ತ್ರಧಾರಿ ಅಧಿಕಾರಿ ಇದ್ದರು. 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿಯಲ್ಲಿ 376 ಅಧಿಕಾರಿಗಳು ಬಂದು ಸೇರಿದರು. ಆದರೂ ತರಗತಿಗೆ ನುಗ್ಗಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಪಾರ್ಕ್‌ಲ್ಯಾಂಡಿನ ವಿದ್ಯಾರ್ಥಿಗಳು ಬೀದಿಗಿಳಿದಾಗ ಡನ್‌ಬ್ಲೇನಿನ ಕುಟುಂಬಗಳು ಅವರಿಗೆ ಬೆಂಬಲದ ಪತ್ರ ಬರೆದವು.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳೂ ಇಂದು ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಮಾಡುತ್ತಾರೆ. ದೀಪ ಆರಿಸಿ, ಬಾಗಿಲು ಭದ್ರಪಡಿಸಿ, ಕಿಟಕಿಯಿಂದ ಕಾಣದ ಮೂಲೆಯಲ್ಲಿ ಸದ್ದು ಮಾಡದೆ ಕೂರುತ್ತಾರೆ. ಅಲ್ಲಿಯ ಸ್ಕೂಲ್ ಬೋರ್ಡಿನ ಸಭೆಗಳಿಗೆ ಹೋಗುವ, ಅಲ್ಲಿ ಮತ ಹಾಕುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಹೊಸ ಬಾಗಿಲು, ಹೊಸ ಕ್ಯಾಮೆರಾದ ಲೆಕ್ಕ ಕೇಳಿ, ಅದು ಬೇಕು. ಅದರ ಜೊತೆಗೆ, ನಿಮ್ಮ ಊರಿನಲ್ಲಿ ಎಂಥವರ ಕೈಗೆ ಎಂಥ ಬಂದೂಕು ಸಿಗುತ್ತದೆ, ಅದನ್ನು ತಡೆಯುವ ಅಧಿಕಾರ ಯಾರಿಗಿದೆ ಎಂದೂ ಕೇಳಿ. ಡನ್‌ಬ್ಲೇನಿನ ಹೆಂಗಸರು ಹಾಗೆ ಕೇಳಿದರು. 1996ರ ಮಾರ್ಚ್ 13ರ ನಂತರ ಬ್ರಿಟನ್ನಿನ ಯಾವ ಶಾಲೆಯಲ್ಲೂ ಅಂಥ ಗುಂಡಿನ ಹತ್ಯಾಕಾಂಡ ಮತ್ತೆ ನಡೆದಿಲ್ಲ.